ಹ್ಯಾಲೋವೀನ್ ಸಿನಿಮಾಕ್ಕೆ ಯಾವ ಬಿಯರ್? ಮೊದಲು ಫ್ರಿಜ್‌ನಿಂದ ಹೊರಗಿಡಿ

ಅಮೆರಿಕದಲ್ಲಿ ಅಕ್ಟೋಬರ್ ಕೊನೆಯ ವಾರವೆಂದರೆ ಮನೆಮನೆಯ ಮೆಟ್ಟಿಲ ಮೇಲೆ ಕೊರೆದ ಕುಂಬಳಕಾಯಿ, ಟಿವಿಯಲ್ಲಿ ದೆವ್ವದ ಸಿನಿಮಾ, ಅಂಗಡಿಯಲ್ಲಿ ಈ ಋತುವಿಗೆಂದೇ ಮಾಡಿದ ಬಿಯರ್. ಅಲ್ಲಿ ನೆಲೆಸಿರುವ ನಮ್ಮವರೂ 31ರ ಹ್ಯಾಲೋವೀನ್ ರಾತ್ರಿ, ವೇಷ ತೊಟ್ಟ ಮಕ್ಕಳು ಮನೆಮನೆಗೆ ಹೋಗುವ ಕ್ಯಾಂಡಿ ಸುತ್ತಾಟ ಮುಗಿದ ಮೇಲೆ ನಾಲ್ಕಾರು ಗೆಳೆಯರನ್ನು ಸೇರಿಸಿಕೊಂಡು ಸಿನಿಮಾ ಹಾಕುತ್ತಾರೆ. ಆ ಕೂಟಗಳಲ್ಲಿ ಒಂದೇ ಬಗೆಯ ಎಡವಟ್ಟನ್ನು ಮತ್ತೆ ಮತ್ತೆ ಕಂಡಿದ್ದೇನೆ. ಲೇಬಲ್ ಮೇಲೆ ತಲೆಬುರುಡೆ ಚೆನ್ನಾಗಿದೆಯೆಂದು ಬಿಯರ್ ತರುತ್ತಾರೆ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡುತ್ತಾರೆ, ಇದ್ದುದರಲ್ಲಿ ಅತಿ ಕಡಕ್ಕಾದದ್ದನ್ನೇ ಮೊದಲು ತೆರೆಯುತ್ತಾರೆ. ಸಿನಿಮಾ ಅರ್ಧಕ್ಕೆ ಬರುವಷ್ಟರಲ್ಲಿ ಸೋಫಾದ ಮೇಲೆ ಇಬ್ಬರು ಗೊರಕೆ ಹೊಡೆಯುತ್ತಿರುತ್ತಾರೆ. ಒಳ್ಳೆಯ ಬಿಯರೂ ಹಾಳು, ಒಳ್ಳೆಯ ಸಿನಿಮಾವೂ ಹಾಳು.

ಸಿನಿಮಾ ಎಷ್ಟು ಹೊತ್ತಿನದು, ಎಷ್ಟು ನಿಧಾನಕ್ಕೆ ಹೆದರಿಸುತ್ತದೆ ಎಂಬುದನ್ನು ನೋಡಿ ಬಿಯರ್ ಆರಿಸಿ. ಉಳಿದದ್ದೆಲ್ಲ ಆಮೇಲೆ.

ಕೊಳ್ಳುವಾಗ ತಾರೀಖು ನೋಡಿ

ಪಂಪ್‌ಕಿನ್ ಏಲ್ ಎಂಬ ಕುಂಬಳಕಾಯಿ ಬಿಯರ್ ಅಲ್ಲಿನ ಹಳೆಯ ಸರಕು. ವಸಾಹತು ಕಾಲದಲ್ಲಿ ಬಾರ್ಲಿ ಮಾಲ್ಟ್ ಸಾಲದಾದಾಗ ಹೊಲದಲ್ಲಿ ಧಾರಾಳವಾಗಿ ಬೆಳೆಯುತ್ತಿದ್ದ ಕುಂಬಳದ ಸಿಹಿಯನ್ನೇ ಹುಳಿಸುತ್ತಿದ್ದರು. ಆಮೇಲೆ ಮರೆತುಹೋದ ಇದಕ್ಕೆ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೇವರ್ಡ್‌ನ ಬಫಲೋ ಬಿಲ್ಸ್ ಬ್ರೂವರಿ ಮತ್ತೆ ಜೀವ ಕೊಟ್ಟಿತು. ಈಗ ಅದರಲ್ಲಿ ನಿಮ್ಮ ಮೂಗಿಗೆ ಬಡಿಯುವುದು ಕುಂಬಳಕ್ಕಿಂತ ಹೆಚ್ಚಾಗಿ ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ. ಅಂದರೆ ಅಲ್ಲಿನ ಕುಂಬಳದ ಪೈಗೆ ಹಾಕುವ ಮಸಾಲೆ.

ತೊಂದರೆ ಏನೆಂದರೆ ಈ ಬಿಯರುಗಳು ಆಗಸ್ಟ್‌ಗೆಲ್ಲ ಅಂಗಡಿಗೆ ಬಂದುಬಿಡುತ್ತವೆ. ಹ್ಯಾಲೋವೀನ್ ಹಿಂದಿನ ದಿನ ಹೋಗಿ ರಿಯಾಯಿತಿ ಬೆಲೆಗೆ ಸಿಕ್ಕಿದ್ದನ್ನು ಎತ್ತಿಕೊಂಡರೆ ಅದು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ ಮಾಲಾಗಿರಬಹುದು. ಬಾಟಲಿಯ ಕತ್ತಿನಲ್ಲೋ ಕ್ಯಾನಿನ ತಳದಲ್ಲೋ ತಾರೀಖು ಅಚ್ಚಾಗಿರುತ್ತದೆ. ತುಂಬಿದ ದಿನವೋ, ಇಂಥ ದಿನದೊಳಗೆ ಕುಡಿಯಿರಿ ಎಂಬುದೋ ಸರಿಯಾಗಿ ಓದಿಕೊಳ್ಳಿ. ಹಸಿರು ಅಥವಾ ಬಿಳಿ ಗಾಜಿನ ಬಾಟಲಿ ಕಿಟಕಿ ಪಕ್ಕವೋ ಟ್ಯೂಬ್‌ಲೈಟ್ ಕೆಳಗೋ ಇದ್ದರೆ ಮುಟ್ಟಬೇಡಿ. ಬೆಳಕು ಬಿದ್ದರೆ ಬಿಯರಿಗೆ ಹಾಕುವ ಹಾಪ್‌ನ ಕಹಿ ಅಂಶ ಒಡೆದು ಕೆಟ್ಟ ನಾತ ಹುಟ್ಟುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನು ಪೂರ್ತಿಯಾಗಿ.

ಎಷ್ಟು ಕಡಕ್ ಎಂದು ಲೆಕ್ಕ ಹಾಕಿ

355 ಮಿಲಿಲೀಟರಿನ, ಶೇ 5 ಆಲ್ಕೋಹಾಲ್ ಇರುವ ಒಂದು ಬಾಟಲಿಯನ್ನು ಅಮೆರಿಕದಲ್ಲಿ ‘ಒಂದು ಡ್ರಿಂಕ್’ ಎಂದು ಎಣಿಸುತ್ತಾರೆ. ಅದರಲ್ಲಿ ಸುಮಾರು 14 ಗ್ರಾಂ ಆಲ್ಕೋಹಾಲ್ ಇರುತ್ತದೆ. ನ್ಯೂಯಾರ್ಕ್ ರಾಜ್ಯದ ಸದರ್ನ್ ಟಿಯರ್ ಕಂಪನಿಯ ಪಂಪ್‌ಕಿಂಗ್ ಶೇ 8.6ರದ್ದು. ಅದೇ ಅಳತೆಯ ಬಾಟಲಿಯಾದರೂ ಒಂದು ಮುಕ್ಕಾಲು ಡ್ರಿಂಕಿನ ಹತ್ತಿರ ಬಂತು. ಎರಡು ಮುಗಿಸಿದವರು ‘ಎರಡೇ ಕುಡಿದೆ’ ಅನ್ನುತ್ತಾರೆ, ಮೈ ಮೂರೂವರೆ ಎಂದು ಎಣಿಸಿರುತ್ತದೆ. ಹಾಗಾಗಿ ಹಗುರವಾದದ್ದು ಮೊದಲು, ಭಾರದ್ದು ಕೊನೆಗೆ. ಶೇ 8 ದಾಟಿದ್ದನ್ನು ಇಬ್ಬರು ಹಂಚಿಕೊಳ್ಳಿ. ಕಾರು ಓಡಿಸಬೇಕಾದವರು ಮುಟ್ಟಲೇಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ಆ ರಾತ್ರಿ ಬೀದಿಯಲ್ಲಿ ಕಪ್ಪು ವೇಷ ತೊಟ್ಟ ಮಕ್ಕಳು ಓಡಾಡುತ್ತಿರುತ್ತಾರೆ. 21 ತುಂಬದವರ ಕೈಗೆ ಲೋಟ ಕೊಡುವ ಮಾತೂ ಇಲ್ಲ, ಅಲ್ಲಿ ಎಲ್ಲ ರಾಜ್ಯಗಳಲ್ಲೂ ಬಿಯರ್ ಕೊಳ್ಳುವ ವಯಸ್ಸು ಅದೇ.

ತಣ್ಣಗೆ ಕುಡಿಯುವ ಚಟ

ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ನೂರಕ್ಕೆ ತೊಂಬತ್ತು ಮನೆಗಳಲ್ಲಿ ಕೆಡುವುದು ಇಲ್ಲೇ.

ಬೇಸಿಗೆಯಲ್ಲಿ ಬೆವರುತ್ತಾ ಕುಡಿಯುವ ತೆಳು ಲಾಗರ್ ತಣ್ಣಗಿದ್ದಷ್ಟೂ ಚೆನ್ನ, ಒಪ್ಪಿದೆ. ಶರತ್ಕಾಲದ ಬಿಯರುಗಳ ಜಾತಿಯೇ ಬೇರೆ. ಹುರಿದ ಮಾಲ್ಟ್, ಮಸಾಲೆ, ಹೊಗೆ, ಕಾಫಿ, ಬೆಲ್ಲದ ಪಾಕದಂಥ ವಾಸನೆ, ಇವುಗಳಿಗಾಗಿಯೇ ಅವುಗಳಿಗೆ ಹೆಚ್ಚು ದುಡ್ಡು ಕೊಡುವುದು. ಫ್ರಿಜ್ಜಿನಲ್ಲಿಟ್ಟ ನಿನ್ನೆಯ ಸಾರಿನ ಪಾತ್ರೆಗೆ ಮೂಗು ಹಿಡಿದು ನೋಡಿ, ಏನೂ ಬಾರದು. ಅದನ್ನೇ ಕುದಿಸಿ, ಇಂಗಿನ ಒಗ್ಗರಣೆ ಪಕ್ಕದ ಮನೆಗೂ ತಿಳಿಯುತ್ತದೆ. ಬಿಯರ್ ಅಷ್ಟು ಬಿಸಿಯಾಗಬೇಕಿಲ್ಲ, ಆದರೆ ಕಾರಣ ಅದೇ: ಘಮ ಹಾರಲು ಸ್ವಲ್ಪ ಶಾಖ ಬೇಕು. ಸಾಲದ್ದಕ್ಕೆ ಅತಿ ತಂಪು ನಾಲಿಗೆಯನ್ನೂ ಜೋಮು ಹಿಡಿಸುತ್ತದೆ.

ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮಾರ್ಟ್ಸೆನ್ ಎಂಬ ಜರ್ಮನಿಯ ಅಕ್ಟೋಬರ್‌ಫೆಸ್ಟ್ ಬಿಯರಿಗೆ 7ರಿಂದ 10 ಡಿಗ್ರಿ ಬೇಕು, ಪಂಪ್‌ಕಿನ್ ಏಲ್‌ಗೆ 10ರ ಆಸುಪಾಸು, ಕಡಕ್ಕಾದ ಕಪ್ಪು ಬಿಯರ್ ಇಂಪೀರಿಯಲ್ ಸ್ಟೌಟ್‌ಗೆ 13ರ ಹತ್ತಿರ. ಅಲ್ಲಿನ ಥರ್ಮಾಮೀಟರ್ ಲೆಕ್ಕದಲ್ಲಿ 45ರಿಂದ 55 ಡಿಗ್ರಿ ಫ್ಯಾರನ್‌ಹೀಟ್. ಅಳೆಯುವ ಗೋಜು ಬೇಡ. ಮಾಮೂಲಿ ಬಾಟಲಿಯನ್ನು ಅಡುಗೆಮನೆ ಕಟ್ಟೆಯ ಮೇಲೆ ಮಾರ್ಟ್ಸೆನ್ ಆದರೆ 20–30 ನಿಮಿಷ, ಪಂಪ್‌ಕಿನ್ ಆದರೆ ಮುಕ್ಕಾಲು ಗಂಟೆಯ ಒಳಗೆ, ಸ್ಟೌಟ್ ಆದರೆ ಸುಮಾರು ಒಂದು ಗಂಟೆ ಇಡಿ. ಹೊರಗಿಟ್ಟದ್ದು ಮರೆತು ಪೂರ್ತಿ ಬೆಚ್ಚಗಾದರೆ ಐಸು ಮತ್ತು ನೀರು ತುಂಬಿದ ಬಕೆಟ್ಟಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಫ್ರೀಜರಿಗೆ ಮಾತ್ರ ತಳ್ಳಬೇಡಿ. ಸಿನಿಮಾ ಗುಂಗಿನಲ್ಲಿ ಅದು ನೆನಪಾಗುವುದು ಬಾಟಲಿ ಸಿಡಿದ ಮೇಲೆಯೇ.

ಇನ್ನೊಂದು ಕೆಟ್ಟ ರೂಢಿ, ಲೋಟವನ್ನೂ ಫ್ರೀಜರಿನಲ್ಲಿಟ್ಟು ಬಿಳಿ ಹಬೆ ಆಡುವಂತೆ ಮಾಡಿ ತರುವುದು. ನೋಡಲು ಹಬ್ಬ, ಕುಡಿಯಲು ದಂಡ. ಒಳಗೋಡೆಗೆ ಕಟ್ಟಿದ ಮಂಜು ಕರಗಿ ಬಿಯರಿಗೆ ನೀರು ಬೆರೆಯುತ್ತದೆ, ನೊರೆ ಒಮ್ಮೆಲೇ ಉಕ್ಕುತ್ತದೆ, ಕಟ್ಟೆಯ ಮೇಲಿಟ್ಟು ಕಾದದ್ದೂ ವ್ಯರ್ಥ. ಅತಿಥಿ ತಾನೇ ಕೇಳಿದರೂ ಕೊಡಬೇಡಿ ಎನ್ನುತ್ತೇನೆ. ಮೊದಲು ಹದವಾದದ್ದನ್ನು ಒಂದು ಗುಟುಕು ಕುಡಿಯಲಿ, ಆಮೇಲೂ ಬೇಕೆಂದರೆ ನೋಡೋಣ.

ಲೋಟ ಮತ್ತು ಪಾಪ್‌ಕಾರ್ನ್

ಬಾಟಲಿಯಿಂದಲೇ ಕುಡಿದರೆ ಮೂಗಿಗೆ ಕೆಲಸವಿಲ್ಲ. ಸೋಪಿನ ಅಂಶ ಉಳಿಯದ ಲೋಟ ತೆಗೆದುಕೊಂಡು, ಓರೆ ಹಿಡಿದು ಸುರಿದು, ಕೊನೆಗೆ ನೆಟ್ಟಗೆ ಮಾಡಿ ಎರಡು ಬೆರಳಷ್ಟು ನೊರೆ ಬರಿಸಿ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ತಿಂದ ತುಟಿ ತಾಗಿದರೆ ಜಿಡ್ಡಿಗೆ ನೊರೆ ಕರಗುತ್ತದೆ. ಪಕ್ಕದಲ್ಲಿ ಪೇಪರ್ ನ್ಯಾಪ್‌ಕಿನ್ ಇಟ್ಟುಕೊಳ್ಳಿ. ಊರಿಂದ ತಂದ ಕಾಂಗ್ರೆಸ್ ಕಡಲೇಕಾಯಿ, ನಿಪ್ಪಟ್ಟು ಮಾರ್ಟ್ಸೆನ್‌ಗೆ ಬಹಳ ಹೊಂದುತ್ತವೆ. ಖಾರ ಹೆಚ್ಚಿದ್ದರೆ ಕಡಕ್ ಬಿಯರಿನ ಜೊತೆ ಬೇಡ, ಆಲ್ಕೋಹಾಲ್ ಖಾರದ ಉರಿಯನ್ನು ಏರಿಸುತ್ತದೆ.

ಯಾವ ಸಿನಿಮಾಕ್ಕೆ ಯಾವುದು

ಜಾನ್ ಕಾರ್ಪೆಂಟರ್ 1978ರಲ್ಲಿ ಮಾಡಿದ ‘ಹ್ಯಾಲೋವೀನ್’ ಶುರುವಾಗುವುದೇ ಕೊರೆದ ಕುಂಬಳಕಾಯಿಯಿಂದ. ಅದಕ್ಕೇ ಎಲ್ಲರೂ ಪಂಪ್‌ಕಿನ್ ಏಲ್ ತೆರೆಯುತ್ತಾರೆ. ನನ್ನ ಮಟ್ಟಿಗೆ ಇದು ತಪ್ಪು ಜೋಡಿ. ಆ ಸಿನಿಮಾದಲ್ಲಿ ಸಿಹಿ ಎಂಬುದಿಲ್ಲ. ಹಾಡುಹಗಲಲ್ಲಿ ಬೇಲಿಯ ಪಕ್ಕ ಮುಖವಾಡದವನೊಬ್ಬ ಸುಮ್ಮನೆ ನಿಂತಿರುತ್ತಾನೆ, ಕಣ್ಣು ಮಿಟುಕಿಸುವಷ್ಟರಲ್ಲಿ ಇರುವುದಿಲ್ಲ. ಬಹುಪಾಲು ಸಿನಿಮಾ ಈ ಕಾಯುವಿಕೆಯೇ. ಕ್ಯಾಲಿಫೋರ್ನಿಯಾದ ವಸಂತದಲ್ಲಿ ಚಿತ್ರೀಕರಣ ಮಾಡಿ, ಬಣ್ಣ ಬಳಿದ ಎಲೆಗಳನ್ನು ಬೀದಿಗೆ ಚೆಲ್ಲಿ, ಮತ್ತೆ ಬಾಚಿಕೊಂಡು ಮುಂದಿನ ದೃಶ್ಯಕ್ಕೆ ಬಳಸಿ ಶರತ್ಕಾಲವನ್ನು ಹುಟ್ಟಿಸಿದ್ದಾರೆ. 91 ನಿಮಿಷ ಬಾಯಿಗೆ ಬೇಸರ ತರದ, ಒಣಗಿದ ಎಲೆಯ ಬಣ್ಣದ ಮಾರ್ಟ್ಸೆನ್ ಇದಕ್ಕೆ ಸರಿ. 1553ರ ಬವೇರಿಯಾದ ಕಟ್ಟಳೆ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವುದನ್ನು ತಡೆದಿತ್ತು. ಆದ್ದರಿಂದ ಮಾರ್ಚ್‌ನಲ್ಲಿ ಮಾಡಿ ತಂಪು ನೆಲಮಾಳಿಗೆಯಲ್ಲಿ ಬೇಸಿಗೆ ಕಳೆಸಿ ಕುಡಿಯುತ್ತಿದ್ದ ಬಿಯರ್ ಇದು, ಹೆಸರೂ ಆ ತಿಂಗಳದ್ದೇ. ಶೇ 5.3ರ ಸ್ಯಾಮ್ಯುಯೆಲ್ ಆಡಮ್ಸ್ ಅಕ್ಟೋಬರ್‌ಫೆಸ್ಟ್ ಬಹುತೇಕ ಎಲ್ಲ ಕಡೆ ಸಿಗುತ್ತದೆ.

ಪಂಪ್‌ಕಿನ್ ಏಲ್ ತೆರೆಯಬೇಕಾದ್ದು ‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ (1993) ಹಾಕಿದಾಗ. ಹೆನ್ರಿ ಸೆಲಿಕ್ ನಿರ್ದೇಶನದ ಈ ಗೊಂಬೆ ಚಿತ್ರ 76 ನಿಮಿಷದ್ದು, ಹಾಡುಗಳಿವೆ, ತುಂಟತನವಿದೆ. ಮಸಾಲೆಯ ಸಿಹಿಗೆ ಅಷ್ಟು ಹೊತ್ತೇ ಸಾಕು, ಎರಡನೇ ಲೋಟಕ್ಕೆ ಚಕ್ಕೆಯ ವಾಸನೆ ಮೊಗಚುತ್ತದೆ.

ಜಾರ್ಜ್ ರೊಮೆರೊ ಅವರ ಕಪ್ಪು–ಬಿಳುಪು ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ನೋಡುವವರು ದಯವಿಟ್ಟು ಒಮ್ಮೆ ಜರ್ಮನಿಯ ಬಾಂಬರ್ಗ್ ಊರಿನ ರೌಖ್‌ಬಿಯರ್ ಹುಡುಕಿ. ಶ್ಲೆಂಕರ್ಲಾ ಹೆಸರಿನದು ಆಮದಾಗುತ್ತದೆ. ಬೀಚ್ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟ್‌ನಿಂದ ಮಾಡಿದ್ದು. ಮೊದಲ ಸಲ ಮೂಸಿದಾಗ ಹೊಗೆಯಲ್ಲಿಟ್ಟ ಮಾಂಸದ ವಾಸನೆ ಬರುತ್ತದೆ, ನಮ್ಮ ಸಸ್ಯಾಹಾರಿಗಳು ಲೋಟ ದೂರ ತಳ್ಳುವುದುಂಟು. ಗಾಬರಿ ಬೇಡ, ಅದರಲ್ಲಿ ಮಾಂಸವಿಲ್ಲ, ಬರೀ ಹೊಗೆ. ಮೂರನೇ ಗುಟುಕಿನವರೆಗೆ ತಾಳಿ, ಹೊಗೆಯ ಹಿಂದಿನ ಮಾಲ್ಟ್ ಸಿಹಿ ಆಗ ಗೊತ್ತಾಗುತ್ತದೆ. ಬಾಗಿಲಿಗೆ ಹಲಗೆ ಹೊಡೆದು, ಹೊರಗೆ ಎದ್ದು ಬಂದ ಶವಗಳಿಗೆ ಬೆಂಕಿ ತೋರಿಸಿ ಹೆದರಿಸುವ ಆ ಮನೆಯೊಳಗೆ ಕೂತಂತೆಯೇ ಆಗುತ್ತದೆ. ಬಿಡುಗಡೆಯ ಹೊತ್ತಿಗೆ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ ಈ ಸಿನಿಮಾ ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿದೆ. ಪುಕ್ಕಟೆ ನೋಡಬಹುದು.

‘ದಿ ಶೈನಿಂಗ್’ (1980) ಎರಡು ಗಂಟೆ ಇಪ್ಪತ್ತು ನಿಮಿಷ ದಾಟುತ್ತದೆ. ಹಿಮ ಮುಚ್ಚಿದ ಖಾಲಿ ಹೋಟೆಲಿನಲ್ಲಿ ಒಬ್ಬನ ಬುದ್ಧಿ ಇಂಚಿಂಚಾಗಿ ಕೆಡುವ ಕಥೆ. ಇದಕ್ಕೆ ಇಂಪೀರಿಯಲ್ ಸ್ಟೌಟ್, ಒಬ್ಬರಿಗೆ ಒಂದೇ ಸಣ್ಣ ಲೋಟ. ಇದೊಂದನ್ನು ಮಾತ್ರ ಒಂದು ಗಂಟೆ ಕಾಯದೆ, ಫ್ರಿಜ್ಜಿನಿಂದ ತೆಗೆದ ಅರ್ಧ ಗಂಟೆಗೇ ಸುರಿದುಕೊಂಡು ಶುರುಮಾಡಿ. ಮೊದಲು ಬರೀ ಕಹಿ, ಮುಕ್ಕಾಲು ಗಂಟೆಯಲ್ಲಿ ಕಾಫಿ, ಕಟ್ಟಕಡೆಯ ಗುಟುಕಿನಲ್ಲಿ ಕಪ್ಪು ಬೆಲ್ಲ, ಒಣದ್ರಾಕ್ಷಿ. ಕೈಯ ಶಾಖಕ್ಕೆ ಲೋಟದ ರುಚಿ ತಿರುಗುತ್ತಾ ಹೋದಂತೆ ಪರದೆಯ ಮೇಲಿನವನ ಬುದ್ಧಿಯೂ ತಿರುಗುತ್ತಾ ಹೋಗುತ್ತದೆ. ನಾನು ಬಲ್ಲ ಜೋಡಿಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಜೊತೆಗೆ ಮಕ್ಕಳು ತಂದ ಚಾಕೊಲೇಟಿನಲ್ಲಿ ಒಂದು ತುಂಡು ಕೇಳಿ ಪಡೆಯಿರಿ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ಗೆ ಅದೇ ದೇಶದ ಕಪ್ಪು ಲಾಗರ್ ಶ್ವಾರ್ಟ್ಸ್‌ಬಿಯರ್, ಕೋಸ್ಟ್ರಿಟ್ಸರ್ ಸಿಕ್ಕರೆ ಒಳ್ಳೆಯದು. ಬಣ್ಣ ಕಡುಗಪ್ಪಾದರೂ ಶೇ 4.8 ಮಾತ್ರ. ಚಕ್ಕುಲಿ ಕುರುಕುವ ಸದ್ದು ಈ ಸಿನಿಮಾಕ್ಕೆ ಬೇಡ. ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ (1981) ಇಂಗ್ಲೆಂಡಿನ ಹಳ್ಳಿಯ ಪಬ್ಬಿನಿಂದ ತೋಳದವರೆಗೆ ಹೋಗುತ್ತದೆ, ಇಂಗ್ಲಿಷ್ ಬಿಟರ್ ಏಲ್ ಕುಡಿಯಿರಿ. ಮಕ್ಕಳ ಜೊತೆ 1966ರ ‘ಇಟ್ಸ್ ದಿ ಗ್ರೇಟ್ ಪಂಪ್‌ಕಿನ್, ಚಾರ್ಲಿ ಬ್ರೌನ್’ ನೋಡುವಾಗ ಎಲ್ಲರಿಗೂ ಬಿಸಿ ಆ್ಯಪಲ್ ಸೈಡರ್. ಅಮೆರಿಕದಲ್ಲಿ ಆ ಹೆಸರಿಗೆ ಮತ್ತಿಲ್ಲದ ಸೇಬಿನ ರಸವೆಂದೇ ಅರ್ಥ, ‘ಹಾರ್ಡ್’ ಎಂದು ಬರೆದಿದ್ದರೆ ಮಾತ್ರ ಬೇರೆ.

ಮುಖ್ಯ ಸಿನಿಮಾವನ್ನು ಕ್ಯಾಂಡಿ ಮಕ್ಕಳು ಬರುವುದು ನಿಂತ ಮೇಲೆ, ಜಗುಲಿ ದೀಪ ಆರಿಸಿ ಹಾಕಿ. ದೀಪ ಉರಿಯುವವರೆಗೆ ಕರೆಗಂಟೆ ಬಾರಿಸುತ್ತಲೇ ಇರುತ್ತಾರೆ. 2024ರಂತೆ ನರಕ ಚತುರ್ದಶಿಯೂ 31ಕ್ಕೇ ಬಿದ್ದ ವರ್ಷ ಕೂಟವನ್ನು ಹಿಂದಿನ ಶನಿವಾರಕ್ಕೆ ಇಟ್ಟುಕೊಳ್ಳಿ. ತೆರೆದು ಉಳಿದ ಬಿಯರ್ ಮರುದಿನಕ್ಕೆ ಸಪ್ಪೆ. ಮಾರ್ಟ್ಸೆನ್ ಆದರೆ ಬಜ್ಜಿ ಹಿಟ್ಟಿಗೆ ಕಲಸಿ, ಸ್ಟೌಟ್ ಆದರೆ ಚಾಕೊಲೇಟ್ ಕೇಕಿಗೆ ಹಾಕಿ, ರೌಖ್‌ಬಿಯರನ್ನು ಚೆಲ್ಲಿಬಿಡಿ.