ಆ್ಯಪಲ್ ಸಂಸ್ಥೆ: ಒಂದು ಪರಿಚಯ

ಮೊಬೈಲ್ ಫೋನಿನ ಬೆನ್ನಿನ ಮೇಲೆ ಕಚ್ಚಿದ ಸೇಬಿನ ಗುರುತನ್ನು ನೋಡದವರು ಇಂದು ವಿರಳ. ಅದು ಅಮೆರಿಕದ ಆ್ಯಪಲ್ ಸಂಸ್ಥೆಯ ಗುರುತು. ಅದರ ಫೋನುಗಳು ನಮ್ಮ ನಾಡಿನ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಸಿದ್ಧವಾಗಿ ಹೊರಬಿದ್ದಿವೆ. ಆದುದರಿಂದ ಈ ಸಂಸ್ಥೆಯ ಪರಿಚಯವು ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೂ ಅಪ್ರಸ್ತುತವಾಗಲಾರದು.

1976ರ ಏಪ್ರಿಲ್ 1ರಂದು ಕ್ಯಾಲಿಫೋರ್ನಿಯದಲ್ಲಿ ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್, ರೊನಾಲ್ಡ್ ವೇಯ್ನ್ ಎಂಬ ಮೂವರು ಇದನ್ನು ಸ್ಥಾಪಿಸಿದರು. ಬಂಡವಾಳಕ್ಕಾಗಿ ಜಾಬ್ಸ್ ತಮ್ಮ ವ್ಯಾನನ್ನೂ ವೋಜ್ನಿಯಾಕ್ ತಮ್ಮ ಲೆಕ್ಕದ ಯಂತ್ರವನ್ನೂ ಮಾರಿದರು. ವೇಯ್ನ್ ಕೆಲವೇ ದಿನಗಳಲ್ಲಿ ತಮ್ಮ ಪಾಲನ್ನು 800 ಡಾಲರಿಗೆ ಬಿಟ್ಟುಕೊಟ್ಟರು!

ಆಗ ಕಂಪ್ಯೂಟರ್ ಎಂಬುದು ಬಹುಮಟ್ಟಿಗೆ ದೊಡ್ಡ ಕಚೇರಿಗಳ ಸೊತ್ತು. 1977ರ ಆ್ಯಪಲ್ 2 ಅದನ್ನು ಮನೆಗೂ ಶಾಲೆಗೂ ತಂದಿತು. 1984ರ ಮ್ಯಾಕಿಂಟಾಷ್, ಆಜ್ಞೆಗಳನ್ನು ಕಂಠಪಾಠ ಮಾಡದೆ, ಪರದೆಯ ಚಿತ್ರಗಳನ್ನು ಮೌಸಿನಿಂದ ತೋರಿಸಿಯೇ ಕೆಲಸ ಮಾಡುವ ಅನುಕೂಲವನ್ನು ಒದಗಿಸಿತು. 1985ರಲ್ಲಿ ಸಂಸ್ಥೆಯನ್ನು ತೊರೆದ ಜಾಬ್ಸ್ 1997ರಲ್ಲಿ ಮರಳಿದಾಗ ಅದು ದಿವಾಳಿಯ ಅಂಚಿನಲ್ಲಿತ್ತು. 2001ರ ಐಪಾಡ್, 2007ರ ಐಫೋನ್ ಅದನ್ನು ಎತ್ತಿ ನಿಲ್ಲಿಸಿದವು. 2018ರಲ್ಲಿ ಅದರ ಷೇರುಗಳ ಒಟ್ಟು ಬೆಲೆ ಒಂದು ಲಕ್ಷ ಕೋಟಿ ಡಾಲರುಗಳನ್ನು ಮುಟ್ಟಿತು.

ಆದರೆ ಐಫೋನುಗಳನ್ನು ಜೋಡಿಸುವುದು ಆ್ಯಪಲ್ ಅಲ್ಲ. ವಿನ್ಯಾಸ ಅದರದು, ಜೋಡಣೆ ಬೇರೆ ಕಂಪನಿಗಳದು. ತೈವಾನಿನ ವಿಸ್ಟ್ರಾನ್ 2017ರಲ್ಲಿ ಬೆಂಗಳೂರಿನಲ್ಲಿ ಈ ಕೆಲಸವನ್ನು ಆರಂಭಿಸಿ, ಬಳಿಕ ನರಸಾಪುರದಲ್ಲಿ ಕಾರ್ಖಾನೆಯನ್ನು ಕಟ್ಟಿತು. 2020ರ ಡಿಸೆಂಬರ್ 12ರಂದು ಅಲ್ಲಿ ಸಂಬಳದ ವಿಷಯವಾಗಿ ಕಾರ್ಮಿಕರ ಅಸಮಾಧಾನವು ದಾಂಧಲೆಗೆ ತಿರುಗಿತು. ಕೆಲವರಿಗೆ ಸಂಬಳವು ಸರಿಯಾಗಿ, ಸಕಾಲದಲ್ಲಿ ಸಂದಿರಲಿಲ್ಲವೆಂದು ವಿಸ್ಟ್ರಾನ್ ಒಪ್ಪಿ ಕ್ಷಮೆ ಕೇಳಿತು. ತಪ್ಪು ತಿದ್ದುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆ್ಯಪಲ್ ಸಾರಿತು. 2023ರಲ್ಲಿ ಟಾಟಾ ಸಮೂಹವು ಆ ಕಾರ್ಖಾನೆಯನ್ನು ಕೊಂಡಿತು.

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯವರಾದ ನಮಗೆ ಈ ವ್ಯವಹಾರದ ಮರ್ಮ ಹೊಸದಲ್ಲ. ನಮ್ಮ ಹೊಲಗಳ ಚೆಂಡು ಹೂವಿನಲ್ಲಿ ಒಂದು ಪಾಲು ಓಣಂ ಹಬ್ಬಕ್ಕೆಂದು ಕೇರಳಕ್ಕೆ ಹೋದರೆ, ಇನ್ನೊಂದು ಪಾಲು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವುದು. ಆ ಬಣ್ಣವನ್ನು ಕೋಳಿಯ ಆಹಾರದಲ್ಲಿ ಬೆರೆಸಿದರೆ ಮೊಟ್ಟೆಯ ಹಳದಿ ಕಳೆಯೇರುವುದು. ರೈತನಿಗೆ ದೊರೆಯುವುದು ಹೂವಿನ ತೂಕದ ಬೆಲೆ; ಬಣ್ಣ ತೆಗೆಯುವ ವಿದ್ಯೆ ಬಲ್ಲವನಿಗೆ ಬಣ್ಣದ ಬೆಲೆ. ಫೋನಿನ ಸಂಗತಿಯೂ ಹಾಗೆಯೇ: ಜೋಡಿಸಿದ ಕೈಗೆ ಕೂಲಿ, ವಿನ್ಯಾಸಕ್ಕೆ ಲಾಭದ ದೊಡ್ಡ ಪಾಲು.

ಹಾಗೆಂದು ಜೋಡಣೆಯ ಕೆಲಸ ಕೀಳೆಂದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ಹೋಗುವ ನಮ್ಮ ಸೋದರ ಸೋದರಿಯರು ಸಂಬಳದ ಚೀಟಿಯನ್ನು ಓದಿ ಲೆಕ್ಕ ಕೇಳಬಲ್ಲವರಾಗಿರಬೇಕು. ಆದರೆ ವಿನ್ಯಾಸವು ವಿಜ್ಞಾನಿಗಳ ಸೊತ್ತು, ನಮಗೇತಕ್ಕೆ ಎಂದು ಕೈಕಟ್ಟಿ ಕೂಡುವುದೂ ಸಲ್ಲದು. ಜಾಬ್ಸ್ ಕಾಲೇಜನ್ನು ಬಿಟ್ಟ ಮೇಲೂ ಅಂದವಾಗಿ ಅಕ್ಷರ ಬರೆಯುವ ಕಲೆಯ ತರಗತಿಯಲ್ಲಿ ಕುಳಿತಿದ್ದರು. ಮ್ಯಾಕಿಂಟಾಷಿನ ಸುಂದರ ಅಕ್ಷರಗಳಿಗೆ ಆ ಪಾಠವೇ ಮೂಲವೆಂದು 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಮುಂದೆ ಹೇಳಿದರು. ಕಲೆಯ ಓದಿನಿಂದ ಏನು ಪ್ರಯೋಜನ ಎನ್ನುವ ಮಿತ್ರರು ಈ ಮಾತನ್ನು ನೆನೆಯಲಿ.