ಉಪವಾಸದ ಹದಿನಾರು ಪ್ರಹರಗಳಲ್ಲಿ ಜೀವಕೋಶದ ಉಸಿರಾಟ

ಸಪ್ತಮಿಯ ಮಧ್ಯಾಹ್ನ ಏಕಾಶನವನ್ನು ಮುಗಿಸಿ ಪ್ರೋಷಧೋಪವಾಸವನ್ನು ಕೈಕೊಂಡ ಶ್ರಾವಕನು ನವಮಿಯ ಮಧ್ಯಾಹ್ನ ಪಾರಣೆಗೆ ಕುಳಿತುಕೊಳ್ಳುವವರೆಗೆ ಹದಿನಾರು ಪ್ರಹರಗಳು, ಎಂದರೆ 48 ಗಂಟೆಗಳು, ಕಳೆಯುತ್ತವೆ. ಈ ಅವಧಿಯಲ್ಲಿ ಚತುರ್ವಿಧಾಹಾರಗಳಲ್ಲಿ ಯಾವುದೂ ಹೊಟ್ಟೆಗೆ ಇಳಿಯುವುದಿಲ್ಲ. ಆದರೂ ಮೈ ಬೆಚ್ಚಗಿರುತ್ತದೆ, ಹೃದಯ ಮಿಡಿಯುತ್ತದೆ, ಸ್ವಾಧ್ಯಾಯಕ್ಕೆ ಕುಳಿತರೆ ಕಣ್ಣು ಅಕ್ಷರವನ್ನು ಗುರುತಿಸುತ್ತದೆ, ಬುದ್ಧಿ ಅರ್ಥವನ್ನು ಗ್ರಹಿಸುತ್ತದೆ. ಸೌದೆಯಿಲ್ಲದೆ ಎರಡು ದಿನ ಒಲೆ ಉರಿಯುವುದೆಂತು? ಉಪವಾಸದಲ್ಲಿ ದೇಹದ ಅಗ್ನಿಯು ಆರಿ ವಿಶ್ರಮಿಸುತ್ತದೆ ಎಂದು ಹಲವರು ಹೇಳುವುದುಂಟು. ಜಠರದ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಜೀವಕೋಶಗಳ ಮಟ್ಟಿಗೆ ಅದು ತೀರ ತಪ್ಪು. ಮೆದುಳಿನ ಕೋಶಗಳಲ್ಲಿ ಆ ಅಗ್ನಿಯು ಕೆಲವೇ ನಿಮಿಷ ಆರಿದರೂ ಪ್ರಾಣವು ಉಳಿಯುವುದಿಲ್ಲ.

ಉಸಿರಾಟವೂ ಉರಿಯುವಿಕೆಯೂ ಒಂದೇ ಜಾತಿಯ ಕ್ರಿಯೆಗಳೆಂದು ಮೊದಲು ತೂಗಿ ತೋರಿಸಿದವರು ಫ್ರಾನ್ಸಿನ ಲವಾಸಿಯೆ ಮತ್ತು ಲಪ್ಲಾಸ್. 1782-83ರ ಚಳಿಗಾಲದಲ್ಲಿ ಅವರು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಗಿನಿಪಿಗ್ ಎಂಬ ಸಣ್ಣ ಪ್ರಾಣಿಯನ್ನು ಇರಿಸಿ, ಅದರ ಮೈಯ ಶಾಖದಿಂದ ಕರಗಿದ ನೀರನ್ನು ಅಳೆದರು. ಇದ್ದಲು ಉರಿದಾಗ ಕರಗುವ ನೀರಿನೊಡನೆ ಅದನ್ನು ಹೋಲಿಸಿದರು. ಉಸಿರಾಟವೆಂದರೆ ನಿಧಾನವಾದ ದಹನ ಎಂಬುದು ಅವರ ನಿರ್ಣಯವಾಗಿತ್ತು. ಆ ದಹನವು ಶ್ವಾಸಕೋಶದಲ್ಲಿ ನಡೆಯುತ್ತದೆಂದು ಲವಾಸಿಯೆ ಭಾವಿಸಿದ್ದನು. ಅದು ದೇಹದ ಪ್ರತಿಯೊಂದು ಭಾಗದ ಜೀವಕೋಶದೊಳಗೂ ನಡೆಯತಕ್ಕದ್ದೆಂದು ಮುಂದಿನವರು ಕಂಡುಕೊಂಡರು. ಮೂಗಿನಿಂದ ಗಾಳಿಯನ್ನು ಎಳೆದುಕೊಳ್ಳುವುದು ಉಸಿರಾಟದ ಹೊಸ್ತಿಲು ಮಾತ್ರ. ಮನೆಯೊಳಗಿನ ವ್ಯವಹಾರವೇ ಬೇರೆ.

ಈ ವ್ಯವಹಾರದ ಮುಖ್ಯ ಇಂಧನವು ಗ್ಲೂಕೋಸ್. ಅನ್ನ, ರೊಟ್ಟಿ, ಬೇಳೆ, ಬೆಲ್ಲಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆಗಳಿಂದ ದೊರೆಯುವ ಸರಳ ಸಕ್ಕರೆಯಿದು. 180 ಗ್ರಾಂ ಗ್ಲೂಕೋಸ್ 192 ಗ್ರಾಂ ಆಮ್ಲಜನಕದೊಡನೆ ಕೂಡಿದರೆ 264 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 108 ಗ್ರಾಂ ನೀರು ಉಂಟಾಗುತ್ತವೆ. ಎರಡು ಪಕ್ಕಗಳನ್ನೂ ಕೂಡಿ ನೋಡಿದರೆ ಮೊತ್ತವು 372 ಗ್ರಾಂ. ಪರ್ಯಾಯವು ಬದಲಾಯಿತು, ದ್ರವ್ಯವು ನಾಶವಾಗಲಿಲ್ಲ. ಉತ್ಪಾದ-ವ್ಯಯ-ಧ್ರೌವ್ಯಗಳ ಪಾಠವನ್ನು ಓದಿದವರಿಗೆ ಈ ಲೆಕ್ಕವು ಅಪರಿಚಿತವೆನಿಸದು. ಬದಲಾವಣೆಯ ವೇಳೆ ಸುಮಾರು 686 ಕಿಲೋಕ್ಯಾಲೊರಿ ಶಕ್ತಿಯು ಬಿಡುಗಡೆಯಾಗುತ್ತದೆ.

ಇಷ್ಟು ಶಕ್ತಿಯು ಒಮ್ಮೆಗೇ ಹೊರಬಂದರೆ ಜೀವಕೋಶವು ಬೆಂದುಹೋದೀತು. ಆದುದರಿಂದ ಕಿಣ್ವಗಳು ಗ್ಲೂಕೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸುತ್ತವೆ. ಮೊದಲು ಕೋಶರಸದಲ್ಲಿ ಹತ್ತು ಹಂತಗಳಲ್ಲಿ ಒಂದು ಗ್ಲೂಕೋಸ್ ಅಣುವು ಎರಡು ಪೈರುವೇಟ್ ಅಣುಗಳಾಗಿ ಒಡೆಯುತ್ತದೆ. ಇಲ್ಲಿಗೆ ಆಮ್ಲಜನಕ ಬೇಡ, ಲಾಭವೂ ಅತ್ಯಲ್ಪ. ಅನಂತರ ಪೈರುವೇಟ್ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಕೋಣೆಯನ್ನು ಪ್ರವೇಶಿಸಿ, ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಚಕ್ರದಲ್ಲಿ ತಿರುಗುತ್ತದೆ. ಇಂಗಾಲವು ಡೈಆಕ್ಸೈಡ್ ಆಗಿ ಕಳಚಿಕೊಳ್ಳುವುದು ಇಲ್ಲಿಯೇ. ಉಳಿದ ಹೈಡ್ರೊಜನ್ನಿನ ಎಲೆಕ್ಟ್ರಾನುಗಳು ಒಂದು ವಾಹಕದಿಂದ ಇನ್ನೊಂದಕ್ಕೆ ಕೈಬದಲಾಗುತ್ತ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಒಳಗೆ ಎಳೆದುಕೊಂಡ ಆಮ್ಲಜನಕವೇ ಇಂಗಾಲವನ್ನು ಹೊತ್ತು ಹೊರಗೆ ಬರುತ್ತದೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅದು ನೀರಾಗಿ ಮೈಯಲ್ಲಿಯೇ ನಿಲ್ಲುತ್ತದೆ. ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿರುವ ಆಮ್ಲಜನಕವು ಆಹಾರದ್ದೂ ನೀರಿನದೂ ಆಗಿರುತ್ತದೆ.

ಎಲೆಕ್ಟ್ರಾನುಗಳು ಹೀಗೆ ಸಾಗುವಾಗ ಪ್ರೋಟಾನುಗಳು ಮೈಟೊಕಾಂಡ್ರಿಯದ ಒಳಪೊರೆಯ ಹೊರಬದಿಗೆ ತಳ್ಳಲ್ಪಟ್ಟು, ಕಟ್ಟೆಯ ಹಿಂದಿನ ನೀರಿನಂತೆ ಸಂಗ್ರಹವಾಗುತ್ತವೆ. ಅವು ಮರಳಿ ಹರಿಯುವ ದಾರಿಯಲ್ಲಿ ಚಕ್ರದಂತೆ ತಿರುಗುವ ಒಂದು ಕಿಣ್ವವಿದ್ದು, ಅದರ ತಿರುಗುವಿಕೆಯಿಂದ ಎಟಿಪಿ ಎಂಬ ವಸ್ತುವು ತಯಾರಾಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಈ ವಿಚಾರವನ್ನು ಮುಂದಿಟ್ಟಾಗ ನಂಬಿದವರು ಕಡಿಮೆ. 1978ರಲ್ಲಿ ಅದಕ್ಕೇ ನೊಬೆಲ್ ಪಾರಿತೋಷಕವು ಸಂದಿತು. ಎಟಿಪಿಯು ಜೀವಕೋಶದ ಚಿಲ್ಲರೆ ನಾಣ್ಯ. ಸ್ನಾಯುವಿನ ಸಂಕೋಚವಿರಲಿ, ನರದ ಸಂದೇಶವಿರಲಿ, ಬೆಲೆಯನ್ನು ಈ ನಾಣ್ಯದಲ್ಲಿಯೇ ಸಲ್ಲಿಸಬೇಕು. ಇದನ್ನು 1929ರಲ್ಲಿ ಜರ್ಮನಿಯ ಲೋಮಾನ್ ಒಂದೆಡೆಯೂ, ಅಮೆರಿಕದ ಹಾರ್ವರ್ಡಿನಲ್ಲಿ ಫಿಸ್ಕ್ ಮತ್ತು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಇನ್ನೊಂದೆಡೆಯೂ ಕಂಡುಹಿಡಿದರು. ಸುಬ್ಬರಾಯರ ಹೆಸರು ನಮ್ಮ ಮಕ್ಕಳಿಗೆ ತಿಳಿದಿರುವುದು ಕಡಿಮೆ, ತಿಳಿಸತಕ್ಕದ್ದು. ಒಂದು ಗ್ಲೂಕೋಸ್ ಅಣುವಿನಿಂದ 30-32 ಎಟಿಪಿಗಳು ದೊರೆಯುತ್ತವೆ. ಹಳೆಯ ಪಠ್ಯಗಳಲ್ಲಿ 38 ಎಂದಿರುವುದು ಹಿಂದಿನ ಎಣಿಕೆ. ಶಕ್ತಿಯ ಸುಮಾರು ಮೂರನೆಯ ಒಂದು ಪಾಲು ಈ ರೂಪದಲ್ಲಿ ಉಳಿಯುತ್ತದೆ. ಮಿಕ್ಕದ್ದು ಶಾಖವಾಗುತ್ತದೆ, ಉಪವಾಸಿಯ ಮೈಯೂ ಬೆಚ್ಚಗಿರುವುದು ಇದರಿಂದಲೇ.

ಇನ್ನು ಹದಿನಾರು ಪ್ರಹರಗಳಿಗೆ ಬರೋಣ. ಸಪ್ತಮಿಯ ಊಟದ ಗ್ಲೂಕೋಸ್ ಸಂಜೆಯವರೆಗೆ ಸಾಕಾಗುತ್ತದೆ. ವಯಸ್ಕನ ರಕ್ತದಲ್ಲಿ ಒಂದು ವೇಳೆಗೆ ಇರುವ ಗ್ಲೂಕೋಸ್ ಒಟ್ಟು ಐದು ಗ್ರಾಂ ಮಾತ್ರ, ಎಂದರೆ ಒಂದು ಚಮಚೆಯಷ್ಟು. ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಬೇಡುತ್ತದೆ. ಕೊರತೆಯನ್ನು ತುಂಬುವುದು ಯಕೃತ್ತು. ಅದರಲ್ಲಿ ಗ್ಲೈಕೋಜನ್ ರೂಪದಲ್ಲಿ ಸುಮಾರು 100 ಗ್ರಾಂ ದಾಸ್ತಾನಿರುತ್ತದೆ. ರಾತ್ರಿಯಿಡೀ ಯಕೃತ್ತು ಅದನ್ನು ಬಿಡಿಸಿ ರಕ್ತಕ್ಕೆ ಕೊಡುತ್ತಿರುತ್ತದೆ. ಸ್ನಾಯುಗಳಲ್ಲಿ ಇದಕ್ಕಿಂತ ಹಲವು ಪಟ್ಟು ಗ್ಲೈಕೋಜನ್ ಇದ್ದರೂ ಅವು ಅದನ್ನು ಗ್ಲೂಕೋಸಾಗಿ ರಕ್ತಕ್ಕೆ ಬಿಡಲಾರವು. ತಮ್ಮ ಕೆಲಸಕ್ಕಷ್ಟೇ ಬಳಸಿಕೊಳ್ಳುತ್ತವೆ.

ಅಷ್ಟಮಿಯ ಮಧ್ಯಾಹ್ನಕ್ಕೆ ಯಕೃತ್ತಿನ ಕಣಜವು ಬಹುಪಾಲು ಬರಿದಾಗಿರುತ್ತದೆ. ಅಷ್ಟರಲ್ಲಿ ಮೇದಸ್ಸು ಕರಗತೊಡಗಿರುತ್ತದೆ. ಹೃದಯ ಮತ್ತು ಸ್ನಾಯುಗಳು ಮೇದಾಮ್ಲಗಳನ್ನು ಅದೇ ಕ್ರೆಬ್ಸ್ ಚಕ್ರದಲ್ಲಿ ಉರಿಸಿ, ಗ್ಲೂಕೋಸನ್ನು ಮೆದುಳಿಗೆ ಬಿಟ್ಟುಕೊಡುತ್ತವೆ. ಮೈಟೊಕಾಂಡ್ರಿಯವಿಲ್ಲದ ಕೆಂಪು ರಕ್ತಕಣಗಳಿಗಂತೂ ಗ್ಲೂಕೋಸೊಂದೇ ಗತಿ. ಆದರೆ ಮೇದಾಮ್ಲಗಳಿಂದ ಗ್ಲೂಕೋಸನ್ನು ಮಾಡುವ ಮಾರ್ಗವು ಮನುಷ್ಯ ದೇಹದಲ್ಲಿ ಇಲ್ಲವೆಂದೇ ಹೇಳಬೇಕು. ಆದುದರಿಂದ ಯಕೃತ್ತು ಲ್ಯಾಕ್ಟೇಟ್, ಗ್ಲಿಸರಾಲ್ ಮತ್ತು ಸ್ನಾಯುವಿನ ಪ್ರೋಟೀನು ಕರಗಿ ಬಂದ ಅಮಿನೊ ಆಮ್ಲಗಳಿಂದ ಹೊಸ ಗ್ಲೂಕೋಸನ್ನು ಕಟ್ಟುತ್ತದೆ. ಜೊತೆಗೆ ಕೀಟೋನ್ ಎಂಬ ವಸ್ತುಗಳೂ ತಯಾರಾಗಿ ರಕ್ತದಲ್ಲಿ ಏರತೊಡಗುತ್ತವೆ. ಎರಡನೆಯ ದಿನ ಉಪವಾಸಿಯ ಉಸಿರಿನಲ್ಲಿ ಹಣ್ಣಿನಂತಹ ಒಂದು ವಾಸನೆ ಬರುವುದುಂಟು. ಅದು ಇವುಗಳಲ್ಲೊಂದಾದ ಅಸಿಟೋನಿನದು. ದೀರ್ಘೋಪವಾಸದಲ್ಲಿ ಮೆದುಳು ತನಗೆ ಬೇಕಾದ ಶಕ್ತಿಯ ಬಹುಪಾಲನ್ನು ಕೀಟೋನುಗಳಿಂದಲೇ ಪಡೆಯಬಲ್ಲದೆಂದು 1967ರಲ್ಲಿ ಬಾಸ್ಟನ್ನಿನ ಓವೆನ್, ಕೇಹಿಲ್ ಮೊದಲಾದವರು ತೋರಿಸಿದರು. ಆದರೆ ಅದು ಐದಾರು ವಾರ ಆಹಾರವಿಲ್ಲದಿದ್ದ ಸ್ಥೂಲಕಾಯರ ವಿಚಾರ. 48 ಗಂಟೆಗಳಲ್ಲಿ ಮೆದುಳು ಇನ್ನೂ ಮುಖ್ಯವಾಗಿ ಗ್ಲೂಕೋಸನ್ನೇ ನಂಬಿರುತ್ತದೆ.

ನೀರಿನ ಮಾತು ಬೇರೆ. ದಹನದಿಂದ ದಿನಕ್ಕೆ ಸುಮಾರು ಕಾಲು ಲೀಟರು ನೀರು ಮೈಯೊಳಗೇ ಹುಟ್ಟುತ್ತದೆ. ಆದರೆ ಕಲ್ಮಷವನ್ನು ಹೊರಹಾಕಲು ಮೂತ್ರಪಿಂಡಗಳಿಗೇ ದಿನಕ್ಕೆ ಅರ್ಧ ಲೀಟರಿನಷ್ಟು ಬೇಕು. ಚರ್ಮ ಮತ್ತು ಉಸಿರಿನಿಂದ ಹೋಗುವುದು ಪ್ರತ್ಯೇಕ. ನಿರ್ಜಲ ಉಪವಾಸದಲ್ಲಿ ಈ ಲೆಕ್ಕವು ಯಾವಾಗಲೂ ನಷ್ಟದ್ದೇ. ಬಿಸಿಲಿನಲ್ಲಿ ತಿರುಗಾಡದೆ ಬಸದಿಯಲ್ಲೋ ಮನೆಯಲ್ಲೋ ಧ್ಯಾನ-ಸ್ವಾಧ್ಯಾಯಗಳಲ್ಲಿ ಕಾಲ ಕಳೆಯಬೇಕೆಂಬ ಪ್ರೋಷಧದ ಕ್ರಮವು ಈ ದೃಷ್ಟಿಯಿಂದಲೂ ಯುಕ್ತವಾದುದು.

ಇಷ್ಟೆಲ್ಲ ವ್ಯವಸ್ಥೆಯು ಇನ್ಸುಲಿನ್ ಮೊದಲಾದ ಸ್ರಾವಗಳ ಹದವಾದ ಏರಿಳಿತವನ್ನು ಅವಲಂಬಿಸಿದೆ. ಮಧುಮೇಹಿಗಳಲ್ಲಿ ತಪ್ಪಿರುವುದು ಆ ಹದವೇ. ಇನ್ಸುಲಿನ್ ಚುಚ್ಚಿಕೊಂಡು, ಅಥವಾ ಇನ್ಸುಲಿನ್ ಸ್ರವಿಸುವಂತೆ ಮಾಡುವ ಮಾತ್ರೆಗಳನ್ನು ನುಂಗಿ ಉಪವಾಸವಿದ್ದರೆ, ಯಕೃತ್ತು ಕೊಡುವುದಕ್ಕಿಂತ ಬೇಗನೆ ರಕ್ತದ ಗ್ಲೂಕೋಸ್ ಇಳಿಯಬಹುದು. ಅದು 70 ಮಿಲಿಗ್ರಾಂಗಿಂತ ಕೆಳಗಾದಾಗ ಬೆವರು, ನಡುಕ, ಎದೆಬಡಿತ, ಮಾತಿನಲ್ಲಿ ಗೊಂದಲ ಕಾಣಿಸಿಕೊಳ್ಳುತ್ತವೆ. ಇದನ್ನು ಉಪವಾಸದ ಆಯಾಸವೆಂದು ಬಗೆದು ಮಲಗಿಸಿದರೆ ಪ್ರಾಣಾಪಾಯ. ಕೂಡಲೇ ಸಕ್ಕರೆಯ ನೀರನ್ನು ಕುಡಿಸಬೇಕು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ನನ್ನೇ ನಂಬಿ ಬದುಕುವವರು ಉಪವಾಸವೆಂದು ಅದನ್ನು ಪೂರ್ಣವಾಗಿ ನಿಲ್ಲಿಸಿದರೆ ಕೀಟೋನುಗಳು ಮಿತಿಮೀರಿ ರಕ್ತವು ಆಮ್ಲಮಯವಾಗುತ್ತದೆ, ಅದೂ ಮಾರಕವೇ. ಇಂಥವರು, ಗರ್ಭಿಣಿಯರು, ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ನಿಯಮವನ್ನು ತೆಗೆದುಕೊಳ್ಳಲಾಗದು. ಏಕಾಶನಕ್ಕೂ ಔಷಧದ ಪ್ರಮಾಣವನ್ನು ಬದಲಿಸಬೇಕಾದೀತು. ಷೋಡಶಕಾರಣ ಭಾವನೆಗಳಲ್ಲಿ ಹೇಳಿರುವುದು ಶಕ್ತಿತಸ್ತಪವೆಂದು. ಅನಶನದಂತೆ ಅವಮೌದರ್ಯವೂ ರಸಪರಿತ್ಯಾಗವೂ ಬಾಹ್ಯತಪಗಳೇ ಆಗಿರಲು, ಸೊಸೆಯೋ ಅತ್ತೆಯೋ ನೆರೆಮನೆಯವರ ಎದುರು ಕಡಿಮೆಯಾದೇನೆಂದು ಅನಶನವನ್ನೇ ಹಿಡಿಯುವುದಕ್ಕೆ ಶಾಸ್ತ್ರದ ಆಧಾರವಿಲ್ಲ.

ನವಮಿಯ ಪಾರಣೆಯಲ್ಲಿ ಮೊದಲು ಸ್ವಲ್ಪ ನೀರು, ಬಳಿಕ ಹೆಸರುಬೇಳೆಯ ಕಟ್ಟು ಅಥವಾ ತೆಳುವಾದ ಗಂಜಿ ಹಿತಕರ. ಗಂಜಿಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸಾಗಿ ರಕ್ತವನ್ನು ಸೇರುತ್ತಲೇ ಇನ್ಸುಲಿನ್ ಏರುತ್ತದೆ, ಮೇದಸ್ಸಿನ ಕರಗುವಿಕೆ ತಗ್ಗುತ್ತದೆ, ಯಕೃತ್ತು ತನ್ನ ಬರಿದಾದ ಕಣಜವನ್ನು ಮತ್ತೆ ತುಂಬಿಕೊಳ್ಳತೊಡಗುತ್ತದೆ. ಕೆಲವು ಗಂಟೆಗಳಲ್ಲಿ ಉಸಿರಿನ ಆ ವಾಸನೆಯೂ ಹೋಗುತ್ತದೆ.