‘ಸರ್ ಇನ್ನೂ ಏನೂ ಹೇಳಿಲ್ಲ’: ಪಿಎಚ್‌.ಡಿ. ಸೀಟಿಗೆ ಕಾಯುವವರು ಮಾಡಬೇಕಾದ್ದು

ವಿಜಯಪುರ ಜಿಲ್ಲೆಯ ಮನಗೂಳಿ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಕಡೆಯಿಂದ ಪಿಎಚ್‌.ಡಿ.ಗೆ ಅರ್ಜಿ ಹಾಕುವ ಹುಡುಗ ಹುಡುಗಿಯರಲ್ಲಿ ಬಹಳಷ್ಟು ಮಂದಿ ತಮ್ಮ ಮನೆತನದಲ್ಲೇ ಅಷ್ಟು ದೂರ ಓದಿದ ಮೊದಲಿಗರು. ಧಾರವಾಡದಲ್ಲೋ ಬೆಳಗಾವಿಯಲ್ಲೋ ಇರುವ ಪ್ರಾಧ್ಯಾಪಕರಿಗೆ ಒಂದು ಮೇಲ್ ಹಾಕಿರುತ್ತಾರೆ. ಅವರು ಯಾವಾಗಲೋ ‘ನೋಡೋಣ’ ಅಂದಿರುತ್ತಾರೆ. ಆ ಒಂದು ಮಾತನ್ನು ನೆಚ್ಚಿಕೊಂಡು ತಿಂಗಳುಗಟ್ಟಲೆ ಫೋನ್ ನೋಡುತ್ತಾ ಕೂರುವುದು ನಡೆಯುತ್ತದೆ. ಮನೆಯಲ್ಲಿ ‘ಏನಾತಪಾ ನಿಂದು?’ ಅಂತ ಕೇಳಿದರೆ ‘ಸರ್ ಇನ್ನೂ ಏನೂ ಹೇಳಿಲ್ಲ’ ಅನ್ನುವುದೊಂದೇ ಉತ್ತರ. ಮತ್ತೊಮ್ಮೆ ಬರೆದರೆ ಸರ್ ಸಿಟ್ಟಾದಾರು, ಫೋನ್ ಹಚ್ಚಿದರೆ ಉದ್ಧಟತನ ಅಂದುಕೊಂಡಾರು ಎಂಬ ಅಂಜಿಕೆ ಬೇರೆ. ಒಳ್ಳೆಯ ವಿದ್ಯಾರ್ಥಿಗಳ ಒಂದೊಂದು ವರ್ಷ ಈ ಅಂಜಿಕೆಯಲ್ಲೇ ಕಳೆದುಹೋಗುತ್ತದೆ. ಕೇಳುವುದು ತಪ್ಪಲ್ಲ. ಆದರೆ ಯಾರನ್ನು, ಯಾವಾಗ, ಏನು ಕೇಳಬೇಕು ಅನ್ನುವುದು ಗೊತ್ತಿರಬೇಕು.

ಮೊದಲು: ಅರ್ಜಿ ಎಲ್ಲಿ ನಿಂತಿದೆ?

ಗೈಡ್ ಒಪ್ಪಿದರೆ ಸೀಟು ಸಿಕ್ಕಂತೆ, ಒಪ್ಪದಿದ್ದರೆ ಮುಗಿದಂತೆ ಎಂದು ನಮ್ಮ ಕಡೆ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿಯ ಪ್ರಕಾರ ಪ್ರವೇಶ ಕೊಡುವುದು ವಿಶ್ವವಿದ್ಯಾಲಯ, ಪ್ರಾಧ್ಯಾಪಕರಲ್ಲ. ಅಧಿಸೂಚನೆ ಬರಬೇಕು, ಪ್ರವೇಶ ಪರೀಕ್ಷೆ ಇಲ್ಲವೇ ನೆಟ್ ಅಂಕ ಇರಬೇಕು, ಸಂದರ್ಶನ ಆಗಬೇಕು, ಮೀಸಲಾತಿ ರೋಸ್ಟರ್ ಪ್ರಕಾರ ಪಟ್ಟಿ ತಯಾರಾಗಬೇಕು, ಆಮೇಲೆ ಗೈಡ್ ಹಂಚಿಕೆ, ಕೊನೆಗೆ ನೋಂದಣಿ ಆದೇಶ. ಅಧಿಸೂಚನೆಯೇ ಹೊರಬೀಳದ ಕಾಲದಲ್ಲಿ ಸರ್ ಏನು ಹೇಳಿಯಾರು? ಅವರ ಕೈಯಲ್ಲೂ ಆಗ ಏನೂ ಇರುವುದಿಲ್ಲ. ಸಂದರ್ಶನ ಮುಗಿದ ಮೇಲಾದರೆ ಫಲಿತಾಂಶ ಪ್ರಕಟವಾಗುವ ಮುಂಚೆ ಬಾಯಿ ಬಿಡುವುದು ಅವರಿಗೆ ಸರಿಯೂ ಅಲ್ಲ. ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ಈ ಹಂತಗಳನ್ನು ಬರೆದು, ನಿಮ್ಮ ಅರ್ಜಿ ಯಾವುದರ ಹತ್ತಿರ ನಿಂತಿದೆ ಎಂದು ಗುರುತು ಹಾಕಿ. ಪ್ರಶ್ನೆ ಯಾರಿಗೆ ಹೋಗಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡಿ. ಅದೇ ನಿಯಮಾವಳಿಯಂತೆ ಒಬ್ಬ ಪ್ರಾಧ್ಯಾಪಕರ ಬಳಿ ಒಂದು ಕಾಲಕ್ಕೆ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಸಂಶೋಧನಾರ್ಥಿಗಳಿಗಿಂತ ಹೆಚ್ಚು ಇರುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಯಾರ ಹತ್ತಿರ ಯಾರು, ಯಾವ ವಿಷಯದ ಮೇಲೆ ನೋಂದಣಿಯಾಗಿದ್ದಾರೆ ಎಂಬ ಪಟ್ಟಿಯನ್ನು ವಿಶ್ವವಿದ್ಯಾಲಯ ತನ್ನ ಜಾಲತಾಣದಲ್ಲಿ ಹಾಕಬೇಕು. ಆ ಪಟ್ಟಿಯಲ್ಲಿ ನೀವು ನೆಚ್ಚಿದ ಸರ್ ಹೆಸರಿನ ಮುಂದೆ ಎಂಟು ಮಂದಿ ಇದ್ದರೆ, ಅವರ ಮೌನಕ್ಕೆ ಕಾರಣ ಹುಡುಕುತ್ತಾ ನಿದ್ದೆಗೆಡಬೇಕಿಲ್ಲ. ಅವರ ಬಳಿ ಜಾಗವಿಲ್ಲ, ಅಷ್ಟೇ. ಈ ಪಟ್ಟಿಯನ್ನು ಅರ್ಜಿ ಹಾಕುವ ಮೊದಲೇ ನೋಡುವುದು ಎಲ್ಲಕ್ಕಿಂತ ಲೇಸು.

ಎರಡನೆಯದು: ಉತ್ತರ ಕೊಡಲು ಬರುವಂಥ ಪತ್ರ

ಬಹಳಷ್ಟು ಮೇಲ್‌ಗಳಿಗೆ ಉತ್ತರ ಬಾರದಿರುವುದು ಅವುಗಳಲ್ಲಿ ಪ್ರಶ್ನೆಯೇ ಇಲ್ಲದ್ದರಿಂದ. ‘ತಮ್ಮ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮಾಡುವ ಆಸೆ ಇದೆ, ದಯವಿಟ್ಟು ಅವಕಾಶ ಕೊಡಿ’ ಎಂದಷ್ಟೇ ಬರೆದರೆ ಓದಿದವರು ಏನು ತಾನೇ ಹೇಳಬೇಕು? ಇತಿಹಾಸ ಓದಿದ ಮನಗೂಳಿಯ ಹುಡುಗಿಯೊಬ್ಬಳು ಹೀಗೆ ಬರೆಯಬಹುದು:

‘ಗೌರವಾನ್ವಿತ ಸರ್, ನಾನು ಮನಗೂಳಿಯವಳು. ಈ ವರ್ಷ ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೇನೆ, ನೆಟ್‌ನಲ್ಲಿ ಪಿಎಚ್‌.ಡಿ. ಪ್ರವೇಶಕ್ಕೆ ಅರ್ಹಳಾಗಿದ್ದೇನೆ. ನಮ್ಮೂರಿನ ಶಾಸನಗಳನ್ನು ಜೆ.ಎಫ್. ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ್ದಾರೆ. ಅವುಗಳಲ್ಲಿರುವ ಭೂದಾನದ ವಿವರಗಳನ್ನು ತರ್ದವಾಡಿ ನಾಡಿನ ಉಳಿದ ಶಾಸನಗಳ ಜೊತೆಗಿಟ್ಟು ಅಭ್ಯಾಸ ಮಾಡಬೇಕೆಂದಿದ್ದೇನೆ. ಎರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ಮುಂದಿನ ಅಧಿಸೂಚನೆಯಲ್ಲಿ ತಮ್ಮ ಬಳಿ ಸ್ಥಾನ ಖಾಲಿ ಇರುವ ಸಾಧ್ಯತೆ ಇದೆಯೇ? ಇಲ್ಲವೆಂದರೂ ತಿಳಿಸಿದರೆ ಉಪಕಾರವಾಗುತ್ತದೆ.’

ಇಷ್ಟು ಸಾಕು. ಇಲ್ಲಿ ಊರಿನ ಹೆಸರು ಬಂದಿರುವುದು ಪರಿಚಯಕ್ಕಲ್ಲ, ವಿಷಯಕ್ಕೆ. ಆ ಶಾಸನ ಇರುವ ನೆಲದಲ್ಲೇ ಬೆಳೆದವಳು ಎಂಬುದು ಸಂಶೋಧನೆಗೆ ನಿಜವಾದ ಬಲ. ಇಂಡಿಯ ನಿಂಬೆ ಬೆಳೆಗಾರರ ಮಾರುಕಟ್ಟೆ ಕುರಿತು ಅರ್ಥಶಾಸ್ತ್ರದಲ್ಲಿ, ಆಲಮಟ್ಟಿಯ ಮುಳುಗಡೆ ಊರುಗಳ ಪುನರ್ವಸತಿ ಕುರಿತು ಸಮಾಜಶಾಸ್ತ್ರದಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು ಸಲ್ಲುತ್ತದೆ. ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ‘ಇಲ್ಲ’ ಅನ್ನಲು ಸಂಕೋಚಪಡುವವರಿಗೆ ಅದು ದಾರಿ ಮಾಡಿಕೊಡುತ್ತದೆ.

ಮೂರನೆಯದು: ನೆನಪಿಸುವುದು

ಎರಡು ವಾರ ಬಿಡಿ. ಪರೀಕ್ಷೆ, ಮೌಲ್ಯಮಾಪನ, ದಸರಾ ರಜೆ ನಡುವೆ ಬಂದರೆ ಇನ್ನೊಂದು ವಾರ. ಆಮೇಲೆ ಹೊಸ ಮೇಲ್ ಬರೆಯದೆ ಹಳೆಯ ಮೇಲ್‌ಗೇ ಉತ್ತರದ ರೂಪದಲ್ಲಿ ಎರಡು ಸಾಲು ಬರೆಯಿರಿ: ‘ಸರ್, ಇಂಥ ತಾರೀಕಿನಂದು ಬರೆದಿದ್ದೆ. ತಮಗೆ ಬಿಡುವಾದಾಗ ನೋಡಬೇಕೆಂದು ವಿನಂತಿ.’ ಇದಕ್ಕೂ ಉತ್ತರ ಬಾರದಿದ್ದರೆ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ವಿಭಾಗದ ಕಚೇರಿಗೆ ಫೋನ್ ಮಾಡಿ, ಸರ್ ಯಾವಾಗ ಭೇಟಿಗೆ ಸಿಗುತ್ತಾರೆ ಎಂದು ಕೇಳಿ. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ‘ನಮಸ್ತೆ ಸರ್’ ಎಂದು ಕಳಿಸಿ ನೀಲಿ ಗೆರೆಗೆ ಕಾಯುವುದರಿಂದ ನಿಮ್ಮ ನೆಮ್ಮದಿ ಹಾಳಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ವಿಜಯಪುರ ಹೊರವಲಯದ ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕಾದರೆ ಮನಗೂಳಿಯಿಂದ ಬೆಳಿಗ್ಗೆ ಬಸ್ ಹತ್ತಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಧಾರವಾಡ ಹಾಗಲ್ಲ. ಇನ್ನೂರು ಕಿಲೋಮೀಟರ್ ಆಸುಪಾಸಿನ ದಾರಿ, ಒಂದು ದಿನದ ದುಡಿಮೆ, ಬಸ್ ಖರ್ಚು ಎಲ್ಲವೂ ಇದೆ. ಭೇಟಿಯ ಸಮಯ ಗೊತ್ತು ಮಾಡಿಕೊಳ್ಳದೆ ಹೊರಡಬೇಡಿ. ಹೋದರೆ ಒಂದೇ ದಿನ ಮೂರು ಕೆಲಸ ಆಗಬೇಕು: ಪ್ರಾಧ್ಯಾಪಕರ ಭೇಟಿ, ಪಿಎಚ್‌.ಡಿ. ವಿಭಾಗದಲ್ಲಿ ಅರ್ಜಿಯ ಸ್ಥಿತಿ ವಿಚಾರಣೆ, ಗ್ರಂಥಾಲಯದಲ್ಲಿ ನಿಮ್ಮ ವಿಷಯದ ಹಳೆಯ ಪ್ರಬಂಧಗಳ ಮೇಲೆ ಕಣ್ಣಾಡಿಸುವುದು. ಏನಾದರೂ ಕಾಗದ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ತಾರೀಕು ಹಾಕಿಸಿಕೊಳ್ಳಿ.

ಸಂದರ್ಶನವಾಗಿ ತಿಂಗಳುಗಳೇ ಕಳೆದರೂ ಪಟ್ಟಿ ಹೊರಬೀಳದಿದ್ದರೆ ಕುಲಸಚಿವರಿಗೆ ಲಿಖಿತ ಮನವಿ ಕೊಡಿ. ಅದಕ್ಕೂ ಜವಾಬಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, ಉತ್ತರ ಕೊಡಲು 30 ದಿನದ ಗಡುವು. ರೋಸ್ಟರ್ ಮತ್ತು ಮೆರಿಟ್ ಪಟ್ಟಿಯ ಪ್ರತಿ ಕೇಳಬಹುದು. ಇದು ಜಗಳವಲ್ಲ, ನಿಮ್ಮ ಹಕ್ಕು.

ಕಾಯುವ ಹೊತ್ತಿನಲ್ಲೇ ಓಡುವ ಗಡುವುಗಳು

2024ರಿಂದ ನೆಟ್ ಬರೆದವರಲ್ಲಿ ಮೂರು ವರ್ಗಗಳಿವೆ. ಜೆಆರ್‌ಎಫ್ ಪಡೆದವರು ಮೊದಲನೆಯವರು. ಉಳಿದ ಎರಡು ವರ್ಗದವರ ಅಂಕ ಪಿಎಚ್‌.ಡಿ. ಪ್ರವೇಶಕ್ಕೆ ಒಂದು ವರ್ಷ ಮಾತ್ರ ಊರ್ಜಿತ. ಅವರಿಗೆ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30ರ ತೂಕ. ಒಬ್ಬ ಸರ್ ಮಾತಿಗಾಗಿ ಎಂಟು ತಿಂಗಳು ಕಾದರೆ ಕೈಲಿರುವ ಅಂಕವೇ ಕರಗುತ್ತದೆ. ಆದ್ದರಿಂದ ಫಲಿತಾಂಶ ಬಂದ ವಾರವೇ ಕನಿಷ್ಠ ಮೂರು ನಾಲ್ಕು ಕಡೆ ಅರ್ಜಿಗೆ ತಯಾರಿ ನಡೆಸಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಎಲ್ಲವನ್ನೂ ನೋಡಿ. ಸಿಂದಗಿಯವರಿಗೆ ಕಲಬುರಗಿ ಹತ್ತಿರ, ನಿಜ. ಆದರೆ ವಿಜಯಪುರ ಜಿಲ್ಲೆ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿ ಇಲ್ಲ, ಹಾಗಾಗಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ಥಳೀಯ ಮೀಸಲಾತಿ ನಮಗೆ ಸಿಗುವುದಿಲ್ಲ. ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಅರ್ಜಿ ಹಾಕಬೇಕು.

ಜಾತಿ, ಆದಾಯ ಪ್ರಮಾಣಪತ್ರಗಳ ತಾರೀಕು ಈಗಲೇ ನೋಡಿಕೊಳ್ಳಿ. ಕೇಂದ್ರದ ಸಂಸ್ಥೆಗಳಿಗೆ ಒಬಿಸಿ ಪ್ರಮಾಣಪತ್ರದ ನಮೂನೆಯೇ ಬೇರೆ. ಸಂದರ್ಶನದ ಕರೆ ಬಂದ ಮೇಲೆ ನಾಡಕಚೇರಿಗೆ ಓಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಅತಿಥಿ ಉಪನ್ಯಾಸಕರ ಕೆಲಸ ಸಿಕ್ಕರೆ ‘ಪಿಎಚ್‌.ಡಿ. ಬಂದೀತು’ ಎಂದು ಬಿಡಬೇಡಿ. ಕೆಲಸದಲ್ಲಿರುವವರು ಸಂಸ್ಥೆಯ ನಿರಾಕ್ಷೇಪಣಾ ಪತ್ರ ಪಡೆದು ಅರೆಕಾಲಿಕವಾಗಿ ಪಿಎಚ್‌.ಡಿ. ಮಾಡಲು 2022ರ ನಿಯಮಾವಳಿಯಲ್ಲಿ ಅವಕಾಶವಿದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಗೈಡ್ ಕೊಡಿಸುತ್ತೇವೆಂದು ದುಡ್ಡು ಕೇಳುವವರನ್ನು ನಂಬಬೇಡಿ. ನೋಂದಣಿ ಆಗುವ ಮುಂಚೆಯೇ ಯಾರದೋ ಪುಸ್ತಕದ ಕರಡು ತಿದ್ದುವುದು, ಮನೆ ಕೆಲಸಕ್ಕೆ ಓಡಾಡುವುದು, ಇವು ಸೀಟಿಗೆ ದಾರಿಯಲ್ಲ. ಆಸೆಯಿಂದ ಕಾಯುವವರನ್ನು ದುಡಿಸಿಕೊಳ್ಳುವುದು ಅನ್ಯಾಯ, ಅದಕ್ಕೆ ‘ಆಗಲ್ಲ ಸರ್’ ಅನ್ನುವುದು ಅಗೌರವವಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದವರ ಲೆಕ್ಕ ಬೇರೆ. ಅಲ್ಲಿ ಹೆಚ್ಚಿನ ಕಡೆ ಡಿಸೆಂಬರ್ ಹೊತ್ತಿಗೆ ಅರ್ಜಿ ಮುಗಿದು, ಜನವರಿಯಿಂದ ಏಪ್ರಿಲ್ ನಡುವೆ ಉತ್ತರ ಬರುತ್ತದೆ. ಧನಸಹಾಯದ ಆಹ್ವಾನ ಬಂದವರು ಏಪ್ರಿಲ್ 15ರೊಳಗೆ ಒಪ್ಪಿಗೆ ತಿಳಿಸಿದರೆ ಸಾಕೆಂದು ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡಿವೆ. ಕೆಲವರು ಬೇಡವೆಂದ ಸೀಟು ಆಗ ಬೇರೆಯವರಿಗೆ ಹೋಗುವುದರಿಂದ, ಕಾಯುವ ಪಟ್ಟಿಯಲ್ಲಿರುವವರಿಗೆ ಆ ತಾರೀಕಿನ ಹಿಂದೆಮುಂದೆ ಸುದ್ದಿ ಬರಬಹುದು.

ಮನೆಯವರಿಗೆ ಹೇಳುವುದು

ಹೆಣ್ಣುಮಕ್ಕಳಿಗೆ ಈ ಕಾಯುವಿಕೆ ಇನ್ನೂ ಕಷ್ಟ. ಉತ್ತರ ತಡವಾದಷ್ಟೂ ಮನೆಯಲ್ಲಿ ಗಂಡು ನೋಡುವ ಮಾತು ಜೋರಾಗುತ್ತದೆ. ‘ಗೊತ್ತಿಲ್ಲ’ ಅನ್ನುವ ಬದಲು ಆ ಹಂತಗಳ ಹಾಳೆಯನ್ನೇ ಅಪ್ಪ ಅವ್ವನ ಮುಂದಿಟ್ಟು, ‘ಇದಿಷ್ಟು ಮುಗದದ, ಇದು ಬಾಕಿ ಅದ, ಇಂಥ ತಿಂಗಳಿನತನಕಾ ಟೈಮ್ ಕೊಡ್ರಿ’ ಎಂದು ಕೇಳಿ. ತಾರೀಕು ಇರುವ ಮಾತಿಗೆ ಮನೆಯಲ್ಲಿ ಬೆಲೆ ಇರುತ್ತದೆ. ಮದುವೆಯಾದ ಮೇಲೂ ಓದು ನಿಲ್ಲಬೇಕಿಲ್ಲ: ಮಹಿಳೆಯರಿಗೆ ಪಿಎಚ್‌.ಡಿ. ಅವಧಿಯಲ್ಲಿ ಎರಡು ವರ್ಷದ ಹೆಚ್ಚುವರಿ ಕಾಲಾವಕಾಶ, 240 ದಿನಗಳವರೆಗೆ ಹೆರಿಗೆ ಮತ್ತು ಮಕ್ಕಳ ಆರೈಕೆ ರಜೆ ಇದೆ.

ನಿದ್ದೆ ಬಾರದೆ, ಊಟ ಸೇರದೆ, ಯಾರ ಜೊತೆಗೂ ಮಾತು ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಉತ್ತರ ‘ಇಲ್ಲ’ ಎಂದು ಬಂದರೆ

ಅದೇ ದಿನ ಎರಡು ಸಾಲಿನ ಧನ್ಯವಾದ ಕಳಿಸಿ. ‘ಈ ವಿಷಯದ ಮೇಲೆ ಕೆಲಸ ಮಾಡುವ ಬೇರೆ ಯಾರನ್ನಾದರೂ ಸೂಚಿಸುವಿರಾ ಸರ್?’ ಎಂದು ಅದರಲ್ಲೇ ಕೇಳಿ. ತಾವು ತೆಗೆದುಕೊಳ್ಳಲಾಗದ ವಿದ್ಯಾರ್ಥಿಗೆ ಇನ್ನೊಬ್ಬರ ಹೆಸರು ಹೇಳುವ ಪ್ರಾಧ್ಯಾಪಕರು ನಮ್ಮಲ್ಲಿ ಇದ್ದಾರೆ. ಹೆಸರು ಸಿಕ್ಕಿದರೆ ಮೊದಲ ಸಾಲಿನಲ್ಲೇ ‘ಇಂಥವರು ತಿಳಿಸಿದರು’ ಎಂದು ಬರೆದು, ಅದೇ ಎರಡು ಪುಟದ ಟಿಪ್ಪಣಿಯನ್ನು ಹೊಸಬರ ಕೆಲಸಕ್ಕೆ ತಕ್ಕಂತೆ ತಿದ್ದಿ ಆ ವಾರದಲ್ಲೇ ಕಳಿಸಿ.